ಆಲ್ಪೈನ್ ಲೇಕ್ಸ್ ಸರೋವರಗಳ ಕಾಲುದಾರಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ವಾಷಿಂಗ್ಟನ್ ರಾಜ್ಯದ ಸಿಯಾಟಲ್, ಬೆಲ್‌ವ್ಯೂ, ರೆಡ್‌ಮಂಡ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರೂ ಬೇಸಿಗೆಯಲ್ಲಿ ಅವರ ಮನೆಗೆ ಬರುವ ನೆಂಟರೂ ಕ್ಯಾಸ್ಕೇಡ್ ಬೆಟ್ಟಗಳ ಸರೋವರಗಳಿಗೆ ಹೊರಡುವ ಮುನ್ನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಉತ್ತರಿಸುತ್ತಿರುವವನು ಈ ದಾರಿಗಳಲ್ಲಿ ಹಲವು ವರ್ಷ ನಡೆದವನು, ಅವುಗಳ ದುರಸ್ತಿಗೆ ಆಗಾಗ ಗುದ್ದಲಿ ಹಿಡಿದವನು. ಆದ್ದರಿಂದ ಕೆಲವು ಉತ್ತರಗಳು ಕೇಳಿದ್ದಕ್ಕಿಂತ ತುಸು ಉದ್ದವಾಗಿರಬಹುದು.

ಆಲ್ಪೈನ್ ಲೇಕ್ಸ್ ವಿಲ್ಡರ್‌ನೆಸ್ ಎಲ್ಲಿದೆ, ಎಷ್ಟು ದೊಡ್ಡದು?

ಸಿಯಾಟಲ್‌ನಿಂದ ಐ-90 ಹೆದ್ದಾರಿಯಲ್ಲಿ ಪೂರ್ವಕ್ಕೆ ಸುಮಾರು ಒಂದು ಗಂಟೆ ಹೋದರೆ ಸ್ನೋಕ್ವಾಲ್ಮಿ ಘಾಟಿ ಸಿಗುತ್ತದೆ; ಅದರ ಉತ್ತರಕ್ಕೆ ಯು.ಎಸ್. 2 ಹೆದ್ದಾರಿಯ ಮೇಲೆ ಸ್ಟೀವನ್ಸ್ ಘಾಟಿ ಇದೆ. ಈ ಎರಡು ಘಾಟಿಗಳ ನಡುವೆ ಹಬ್ಬಿರುವ ಬೆಟ್ಟಗಾಡೇ ಆಲ್ಪೈನ್ ಲೇಕ್ಸ್. 1976ರ ಜುಲೈ 12ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಸಹಿಯೊಂದಿಗೆ ಇದಕ್ಕೆ ಕಾನೂನಿನ ರಕ್ಷಣೆ ದೊರೆಯಿತು. 2014ರಲ್ಲಿ ಇನ್ನೂ ಸುಮಾರು 22,000 ಎಕರೆ ಸೇರಿ, ಈಗ ಒಟ್ಟು ವಿಸ್ತೀರ್ಣ 4,14,000 ಎಕರೆಯಷ್ಟಿದೆ. ಚಿಕ್ಕ ಹೊಂಡಗಳನ್ನೂ ಲೆಕ್ಕಕ್ಕೆ ಹಿಡಿದರೆ 700ಕ್ಕೂ ಹೆಚ್ಚು ಸರೋವರಗಳಿವೆ. ಪಶ್ಚಿಮದ ಮಗ್ಗುಲು ನಮ್ಮ ಮಲೆನಾಡಿನಂತೆ ಮಳೆಯಲ್ಲಿ ನೆನೆದು, ಪಾಚಿ ಹೊದ್ದು, ಕತ್ತಲೆಗಟ್ಟಿದ ಕಾಡು. ಬೆಟ್ಟದ ನೆತ್ತಿ ದಾಟಿ ಪೂರ್ವಕ್ಕಿಳಿದರೆ ಬಯಲುಸೀಮೆಯಂತೆ ಒಣಗಾಳಿ, ವಿರಳವಾದ ಪೈನ್ ಮರಗಳು. ಕಾರಣವೂ ಪಶ್ಚಿಮ ಘಟ್ಟದ್ದೇ: ಕಡಲಿನಿಂದ ಬರುವ ಮೋಡಗಳು ಏರುವಾಗ ಸುರಿದುಬಿಡುತ್ತವೆ, ಆಚೆ ಬದಿಗೆ ಉಳಿಯುವುದು ಕಡಿಮೆ.

ಇವನ್ನು ಕೆರೆಗಳೆನ್ನಬಹುದೇ?

ಮಾತಿನಲ್ಲಿ ಎಲ್ಲರೂ ಅನ್ನುತ್ತೇವೆ. ಆದರೆ ಕೆರೆ ಎಂದರೆ ಏರಿ, ತೂಬು, ಕೋಡಿ ಇರಬೇಕು, ಅದನ್ನು ಯಾರೋ ಕಟ್ಟಿಸಿರಬೇಕು. ಇಲ್ಲಿ ಕಟ್ಟಿದ್ದು ಹಿಮನದಿ. ಬೆಟ್ಟದ ಮಗ್ಗುಲನ್ನು ಕೊರೆದು ಬೋಗುಣಿಯಂತೆ ಮಾಡಿ, ಕೊರೆದ ಕಲ್ಲುಮಣ್ಣನ್ನು ಅಂಚಿಗೆ ತಳ್ಳಿ ಅದು ಕರಗಿ ಹೋದ ಮೇಲೆ ಉಳಿದ ಗುಂಡಿಯಲ್ಲಿ ನೀರು ನಿಂತಿತು. ಹೀಗಾಗಿ ನಾನು ಬರೆಯುವಾಗ ಸರೋವರವೆಂದೇ ಬರೆಯುತ್ತೇನೆ. ಅಪವಾದಗಳೂ ಇವೆ. ಪೂರ್ವದ ಮಗ್ಗುಲಿನ ಲೆವನ್‌ವರ್ತ್ ಎಂಬ ಊರಿನ ಕಡೆಯ ಏಯ್ಟ್‌ಮೈಲ್, ಕೋಲ್ಚಕ್ ಮುಂತಾದ ಸರೋವರಗಳ ಬಾಯಿಗೆ ಬಹಳ ಹಿಂದೆಯೇ ಚಿಕ್ಕ ಅಣೆಕಟ್ಟೆಗಳನ್ನು ಕಟ್ಟಿ, ಬೇಸಿಗೆಯ ಕೊನೆಗೆ ಕೆಳಗಿನ ಪೇರ್ (ಮರಸೇಬು) ತೋಟಗಳಿಗೆ ನೀರು ಬಿಡಲಾಗುತ್ತದೆ. ಅವನ್ನು ಕೆರೆಯೆಂದರೆ ತಪ್ಪಿಲ್ಲ.

‘ವಿಲ್ಡರ್‌ನೆಸ್’ ಎಂಬುದು ಬರೀ ಹೆಸರೇ, ಬೇರೆ ಅರ್ಥವಿದೆಯೇ?

ಅದು ಕಾನೂನಿನ ಮಾತು. 1964ರ ವಿಲ್ಡರ್‌ನೆಸ್ ಕಾಯ್ದೆಯ ಪ್ರಕಾರ ಇಂಥ ಪ್ರದೇಶದೊಳಗೆ ಮೋಟಾರು ವಾಹನ, ಮೋಟಾರಿನ ಉಪಕರಣ ಇವು ಯಾವುವೂ ನಡೆಯುವುದಿಲ್ಲ, ಸೈಕಲ್ಲಿಗೂ ಪ್ರವೇಶವಿಲ್ಲ. ಡ್ರೋನ್ ಹಾರಿಸಲು, ಇಳಿಸಲು ಬಿಡುವುದಿಲ್ಲ. ಅಂಗಡಿ, ಚಹಾದ ಗೂಡು, ದೀಪದ ಕಂಬ, ಕುಡಿಯುವ ನೀರಿನ ನಲ್ಲಿ ಸಿಗುತ್ತವೆಂದು ಹೊರಡಬೇಡಿ. ಈ ಕಾಯ್ದೆಯಿಂದ ದಾರಿ ದುರಸ್ತಿಯ ಕೆಲಸಕ್ಕೂ ಒಂದು ವಿಚಿತ್ರ ರೂಪ ಬಂದಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಸಲ ಹೋಗುವವರಿಗೆ ಯಾವ ಸರೋವರ ಒಳ್ಳೆಯದು?

ಟಲಪಸ್. ಐ-90ರ 45ನೆಯ ನಿರ್ಗಮನದಲ್ಲಿ ಇಳಿದು ಅರಣ್ಯ ಇಲಾಖೆಯ ಜಲ್ಲಿರಸ್ತೆಯಲ್ಲಿ ಹೋಗಬೇಕು. ಹೋಗಿ ಬರಲು ಸುಮಾರು 4 ಮೈಲಿ. ಏರು ಹಿತವಾಗಿದೆ, ಕಾಡಿನ ನೆರಳು ಕೊನೆಯವರೆಗೂ ಬಿಡುವುದಿಲ್ಲ. ಕಾಲಲ್ಲಿ ಇನ್ನೂ ಕಸುವಿದ್ದರೆ ಅದೇ ದಾರಿಯಲ್ಲಿ ಮುಂದುವರಿದು ಒಲಾಲಿ ಸರೋವರ ನೋಡಬಹುದು. ಆಗ ಒಟ್ಟು ನಡಿಗೆ 6 ಮೈಲಿ, ಏರು 1,200 ಅಡಿಯ ಹತ್ತಿರವಾಗುತ್ತದೆ. ಹೆಸರುಗಳೆರಡೂ ಇಲ್ಲಿನ ಮೂಲನಿವಾಸಿಗಳೂ ಹೊರಗಿನ ವ್ಯಾಪಾರಿಗಳೂ ಬೆರೆತು ಆಡುತ್ತಿದ್ದ ಚಿನೂಕ್ ಜಾರ್ಗನ್ ಎಂಬ ವ್ಯವಹಾರ ಭಾಷೆಯವು: ಟಲಪಸ್ ಎಂದರೆ ಕಯೋಟಿ, ಅಂದರೆ ಇಲ್ಲಿನ ನರಿಯಂಥ ತೋಳ, ಒಲಾಲಿ ಎಂದರೆ ಕಾಡಿನ ಬೆರ್ರಿ ಹಣ್ಣು. ಆಗಸ್ಟ್ ಕೊನೆಗೆ ಹೋದರೆ ಆ ಎರಡನೆಯ ಹೆಸರು ಯಾಕೆ ಬಂತೆಂದು ಬೆರಳಿಗೆ ಹತ್ತುವ ನೇರಳೆ ಬಣ್ಣವೇ ಹೇಳುತ್ತದೆ. ಗುರುತು ಗೊತ್ತಿಲ್ಲದ ಹಣ್ಣನ್ನು ಮಾತ್ರ ಬಾಯಿಗೆ ಹಾಕಬೇಡಿ.

ಎಲ್ಲರೂ ಸ್ನೋ ಲೇಕ್ ಎನ್ನುತ್ತಾರೆ. ಅದಕ್ಕೇ ಮೊದಲು ಹೋದರೆ ಆಗದೇ?

ಹೋಗಬಹುದು, ಆದರೆ ಅದರ ಲೆಕ್ಕವನ್ನು ಮೊದಲೇ ತಿಳಿದಿರಬೇಕು. ಆಲ್ಪೆಂಟಲ್ ಸ್ಕೀ ತಾಣದ ಬಳಿ ಸುಮಾರು 3,100 ಅಡಿ ಎತ್ತರದಲ್ಲಿ ಆರಂಭವಾಗುವ ದಾರಿ 4,400 ಅಡಿಯ ದಿಣ್ಣೆಯನ್ನೇರಿ, ಆಚೆಗೆ 4,000 ಅಡಿಯ ಹತ್ತಿರವಿರುವ ಸರೋವರಕ್ಕೆ ಇಳಿಯುತ್ತದೆ. ಹಿಂದಿರುಗುವಾಗ ಆ ಇಳಿದದ್ದನ್ನೆಲ್ಲ ಮತ್ತೆ ಏರಬೇಕು. ಊಟ ಮಾಡಿ, ಬಿಸಿಲಿಗೆ ಒರಗಿ, ನಿದ್ದೆಗಣ್ಣಿನಲ್ಲಿ ಎದ್ದವರಿಗೆ ಆ ಏರು ಸಿಟ್ಟು ತರಿಸುತ್ತದೆ. ಒಟ್ಟು 7 ಮೈಲಿಯಷ್ಟಿದೆ.

ನಡುವೆ ಬಂಡೆಗಳು ಉರುಳಿ ರಾಶಿಬಿದ್ದ ಬಯಲೊಂದನ್ನು ದಾಟುವಾಗ ‘ಈಕ್’ ಎಂಬ ಚೂಪು ಸದ್ದು ಕೇಳಿದರೆ ನಿಂತುಕೊಳ್ಳಿ. ಅದು ಪೈಕಾ, ಮೊಲದ ಸಂಬಂಧಿ, ಗಾತ್ರದಲ್ಲಿ ಮುಷ್ಟಿಯಷ್ಟು. ಚಳಿಗಾಲಕ್ಕೆಂದು ಹುಲ್ಲು, ಎಲೆಗಳನ್ನು ಬಾಯಲ್ಲಿ ಕಚ್ಚಿ ತಂದು ಕಲ್ಲಿನ ಸಂದಿಯಲ್ಲಿ ಪುಟ್ಟ ಬಣವೆ ಒಟ್ಟುವ ಪ್ರಾಣಿ ಇದು. ಹತ್ತು ನಿಮಿಷ ಅಲುಗಾಡದೆ ಕೂತರೆ, ತನ್ನ ಮೂತಿಗಿಂತ ಉದ್ದದ ಹೂವಿನ ದಂಟನ್ನು ಅಡ್ಡಕ್ಕೆ ಕಚ್ಚಿಕೊಂಡು ಓಡುವುದನ್ನು ನೋಡಬಹುದು. ಮಕ್ಕಳಿಗೆ ಸರೋವರಕ್ಕಿಂತ ಇದೇ ನೆನಪಿನಲ್ಲಿ ಉಳಿಯುತ್ತದೆ.

ಊರಿನಿಂದ ಅಪ್ಪ, ಅಮ್ಮ ಬಂದಿದ್ದಾರೆ. ಮಂಡಿನೋವಿದೆ. ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು?

ವಿಲ್ಡರ್‌ನೆಸ್ ಗಡಿಯೊಳಗೆ ಬೇಡ. ಅದರ ಹೊರಗೇ ಎರಡು ಒಳ್ಳೆಯ ಜಾಗಗಳಿವೆ. ಮೊದಲನೆಯದು 54ನೆಯ ನಿರ್ಗಮನದ ಗೋಲ್ಡ್ ಕ್ರೀಕ್ ಪಾಂಡ್. ಹೆದ್ದಾರಿ ಕಟ್ಟಲು ಜಲ್ಲಿ ತೆಗೆದ ಗುಂಡಿಯಲ್ಲಿ ನೀರು ನಿಂತು ಆದ ಕೊಳ ಅದು; ಸುತ್ತ ಸುಮಾರು ಒಂದು ಮೈಲಿಯ ಸಮತಟ್ಟಾದ, ಗಾಲಿಕುರ್ಚಿಯೂ ಹೋಗುವಂಥ ದಾರಿಯಿದೆ, ಎದುರಿಗೆ ಬೆಟ್ಟಸಾಲು ಪೂರ್ತಿ ಕಾಣುತ್ತದೆ. ಕಣಿವೆಯಲ್ಲಿ ಹೊಳೆಯ ಪುನಶ್ಚೇತನದ ಯೋಜನೆ ಇರುವುದರಿಂದ ತೆರೆದಿದೆಯೇ ಎಂದು ನೋಡಿಕೊಂಡೇ ಹೊರಡಿ.

ಎರಡನೆಯದು ನಾರ್ತ್ ಬೆಂಡ್ ಬಳಿಯ ರ್‍ಯಾಟಲ್‌ಸ್ನೇಕ್ ಲೇಕ್. ಹೆಸರು ಕೇಳಿ ಅಮ್ಮಂದಿರು ಹೆದರುತ್ತಾರೆ. ಬೆಟ್ಟದ ಈ ಪಶ್ಚಿಮ ಭಾಗದಲ್ಲಿ ಬುಡುಬುಡಿಕೆ ಹಾವುಗಳಿಲ್ಲ. ಇದರ ಕತೆ ಬೇರೆಯೇ ಇದೆ. ಇಲ್ಲಿ ಮಾಂಕ್ಟನ್ ಎಂಬ ಊರಿತ್ತು. ಮೇಲ್ಗಡೆ ಸೀಡರ್ ನದಿಗೆ ಕಟ್ಟಿದ ಅಣೆಕಟ್ಟೆಯ ನೀರು ಬೆಟ್ಟದ ಮಣ್ಣಿನೊಳಗೆ ಜಿನುಗಿ, 1915ರಲ್ಲಿ ಈ ತಗ್ಗಿನಲ್ಲಿ ದಿನದಿಂದ ದಿನಕ್ಕೆ ಮೇಲೇರಿತು. ಜನ ಮನೆಗಳನ್ನು ಬಿಟ್ಟು ಹೊರಟುಹೋದರು. ಬೇಸಿಗೆಯ ಕೊನೆಗೆ ನೀರು ಇಳಿದಾಗ ಹಳೆಯ ಕಾಡಿನ ಭಾರೀ ಬೊಡ್ಡೆಗಳು ಮೇಲೆದ್ದು ನಿಲ್ಲುತ್ತವೆ. ಮುಳುಗಡೆಯ ನೆನಪಿರುವ ಶರಾವತಿ ಕಡೆಯ ಹಿರಿಯರೊಬ್ಬರನ್ನು ಒಮ್ಮೆ ಇಲ್ಲಿಗೆ ಕರೆದೊಯ್ದಿದ್ದೆ, ಅವರು ಬೊಡ್ಡೆಗಳನ್ನು ನೋಡುತ್ತ ಬಹಳ ಹೊತ್ತು ಮಾತನಾಡಲಿಲ್ಲ, ಆಮೇಲೆ “ಇವರಿಗೆ ಪರಿಹಾರ ಸಿಕ್ಕಿತಂತಾ?” ಎಂದಷ್ಟೇ ಕೇಳಿದರು.

ಯಾವ ತಿಂಗಳಲ್ಲಿ ಹೋಗಬೇಕು?

ಜುಲೈ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗೆ. ನಗರದಲ್ಲಿ ಮೇ ತಿಂಗಳಿಗೇ ಚಪ್ಪಲಿ, ಅರ್ಧತೋಳಿನ ಅಂಗಿ ಬಂದಿರುವುದರಿಂದ ಮೇಲೂ ಹಾಗೇ ಇರುತ್ತದೆಂದು ಎಲ್ಲರೂ ಮೋಸಹೋಗುತ್ತಾರೆ. ನಾನೂ ಹೋಗಿದ್ದೇನೆ: ಮೊದಲ ವರ್ಷ ಜೂನ್ ಎರಡನೆಯ ವಾರ ಕ್ಯಾನ್ವಾಸ್ ಬೂಟು ಹಾಕಿಕೊಂಡು ಸ್ನೋ ಲೇಕ್‌ಗೆ ಹೊರಟು, ದಿಣ್ಣೆಯ ಕೆಳಗೇ ಮಂಡಿಯುದ್ದದ ಹಿಮದಲ್ಲಿ ದಾರಿ ಕಾಣೆಯಾಗಿ, ಒದ್ದೆ ಕಾಲುಚೀಲ ಹಿಂಡುತ್ತ ವಾಪಸಾದೆ. 4,000 ಅಡಿ ಮೇಲಿನ ಸರೋವರಗಳು ಜೂನ್ ಕೊನೆಯವರೆಗೂ ಮಂಜುಗಡ್ಡೆ ಹೊದ್ದಿರುವುದು ಸಾಮಾನ್ಯ. ಜುಲೈನಲ್ಲಿ ಸೊಳ್ಳೆ ಹೆಚ್ಚು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಾಡುಗಿಚ್ಚಿನ ಹೊಗೆ ಕವಿದರೆ ಕಾರ್ಯಕ್ರಮವನ್ನು ಕೈಬಿಡುವುದೇ ಲೇಸು. ಸೆಪ್ಟೆಂಬರ್ ಕೊನೆಗೆ ಪೂರ್ವದ ಮಗ್ಗುಲಿನಲ್ಲಿ, ಇಂಗಲ್ಸ್ ಸರೋವರದ ದಾರಿಯಂಥ ಕಡೆ, ಲಾರ್ಚ್ ಮರಗಳು ಅರಿಶಿನ ಬಳಿದಂತೆ ಹಳದಿಯಾಗುತ್ತವೆ. ಸೂಜಿಯೆಲೆಯ ಮರವಾಗಿಯೂ ಎಲೆ ಉದುರಿಸುವ ಜಾತಿ ಅದು.

ಚಳಿಗಾಲದಲ್ಲಿ ಸ್ನೋ ಲೇಕ್ ಕಣಿವೆಯಲ್ಲಿ ಹಿಮದ ರಾಶಿ ಜಾರಿ ಬೀಳುವ ಅಪಾಯ ನಿಜವಾದದ್ದು. ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ನೀಡುವ ಮುನ್ಸೂಚನೆಯನ್ನು ಓದಿ ಅರ್ಥಮಾಡಿಕೊಳ್ಳಲು ಬಾರದವರು ಆಗ ಅತ್ತ ಹೋಗಬಾರದು.

ಪಾಸು, ಪರವಾನಗಿ ಬೇಕೇ?

ಎರಡೂ ಬೇಕು, ಎರಡೂ ಬೇರೆ ಬೇರೆ. ಹೆಚ್ಚಿನ ಕಡೆ ಕಾರು ನಿಲ್ಲಿಸಲು ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಬೇಕು. ಒಂದು ದಿನದ್ದೂ ಸಿಗುತ್ತದೆ, ಇಡೀ ವರ್ಷದ್ದೂ ಸಿಗುತ್ತದೆ. ಎಲ್ಲ ರಾಷ್ಟ್ರೀಯ ಉದ್ಯಾನಗಳಿಗೂ ಸಲ್ಲುವ ‘ಅಮೆರಿಕ ದ ಬ್ಯೂಟಿಫುಲ್’ ವಾರ್ಷಿಕ ಪಾಸು ಇದ್ದರೆ ಅದೂ ನಡೆಯುತ್ತದೆ. ರಾಜ್ಯ ಉದ್ಯಾನಗಳ ಡಿಸ್ಕವರ್ ಪಾಸ್ ಮಾತ್ರ ಇಲ್ಲಿ ನಡೆಯುವುದಿಲ್ಲ. ಪರವಾನಗಿ ಉಚಿತ: ಮೇ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ, ದಾರಿ ಆರಂಭವಾಗುವಲ್ಲಿ ಇರುವ ಮರದ ಪೆಟ್ಟಿಗೆಯಿಂದ ಚೀಟಿ ತೆಗೆದು, ತುಂಬಿ, ಒಂದು ಪ್ರತಿಯನ್ನು ಅಲ್ಲೇ ಹಾಕಿ ಇನ್ನೊಂದನ್ನು ಚೀಲಕ್ಕೆ ಕಟ್ಟಿಕೊಂಡರಾಯಿತು. ಲೆವನ್‌ವರ್ತ್ ಬಳಿಯ ಎನ್‌ಚಾಂಟ್‌ಮೆಂಟ್ಸ್ ಎಂಬ ಸರೋವರಗಳ ಗುಂಪಿನಲ್ಲಿ ರಾತ್ರಿ ತಂಗಲು ಲಾಟರಿ ಇದೆ. ಪ್ರತಿ ಫೆಬ್ರವರಿಯಲ್ಲಿ ಅರ್ಜಿ ಹಾಕಿ, ಸಿಗಲಿಲ್ಲವೆಂದು ಮುಖ ಸಣ್ಣಗೆ ಮಾಡಿಕೊಳ್ಳುವುದು ನಮ್ಮ ಕಚೇರಿಗಳಲ್ಲಿ ಒಂದು ವಾರ್ಷಿಕ ಆಚರಣೆಯೇ ಆಗಿದೆ.

ಕಾರಿನಲ್ಲಿ ಬೆಲೆಬಾಳುವ ಯಾವುದನ್ನೂ ಬಿಡಬೇಡಿ. ಗಾಜು ಒಡೆಯುವ ಕಳ್ಳರು ಖಾಲಿ ಚೀಲವನ್ನೂ ಬಿಡುವುದಿಲ್ಲ.

ನಾವು ಸಂಘದ ಮೂವತ್ತು ಜನ ಒಟ್ಟಿಗೆ ಹೋಗಬೇಕೆಂದಿದ್ದೇವೆ.

ಆಗುವುದಿಲ್ಲ. ವಿಲ್ಡರ್‌ನೆಸ್ ಒಳಗೆ ಒಂದು ತಂಡದಲ್ಲಿ ಹೆಚ್ಚೆಂದರೆ 12 ಮಂದಿ, ಎನ್‌ಚಾಂಟ್‌ಮೆಂಟ್ಸ್‌ನಲ್ಲಿ 8. ಕಾಗದದ ಮೇಲೆ ಮೂರು ತಂಡ ಮಾಡಿ ಸರೋವರದ ದಡದಲ್ಲಿ ಒಂದಾಗುವುದು ಜಾಣತನವೆನಿಸಬಹುದು, ಆದರೆ ನಿಯಮ ಇರುವುದೇ ದಡದ ಹುಲ್ಲು ಮೂವತ್ತು ಜೊತೆ ಕಾಲಿಗೆ ಸಿಗಬಾರದೆಂದು. ಬೇರೆ ಬೇರೆ ಸರೋವರಗಳಿಗೆ ಹೋಗಿ, ಸಂಜೆ ನಾರ್ತ್ ಬೆಂಡ್‌ನಲ್ಲಿ ಎಲ್ಲರೂ ಒಟ್ಟಿಗೆ ಕಾಫಿ ಕುಡಿಯಿರಿ.

ಊಟದ ವಿಷಯ? ಬೆಂಕಿ ಹಾಕಬಹುದೇ?

ಪುಳಿಯೋಗರೆ, ಚಪಾತಿ, ಚಟ್ನಿಪುಡಿಗಳಿಗಿಂತ ಒಳ್ಳೆಯ ಬುತ್ತಿ ಈ ಬೆಟ್ಟಗಳಿಗೆ ಇನ್ನೂ ಬಂದಿಲ್ಲ. ಬೆಟ್ಟಸಾಲಿನ ನೆತ್ತಿಯ ಪಶ್ಚಿಮದಲ್ಲಿ 4,000 ಅಡಿ, ಪೂರ್ವದಲ್ಲಿ 5,000 ಅಡಿಗಿಂತ ಮೇಲೆ ಸೌದೆಯ ಬೆಂಕಿ ನಿಷಿದ್ಧ. ಜನ ಹೆಚ್ಚು ಸೇರುವ ಹಲವು ಸರೋವರಗಳ ದಡದಲ್ಲಿಯೂ ಇಲ್ಲ. ಕಡುಬೇಸಿಗೆಯಲ್ಲಿ ಎಲ್ಲ ಕಡೆಯೂ ನಿಷೇಧ ಬರುವುದುಂಟು. ಕಿತ್ತಳೆ ಸಿಪ್ಪೆ, ಕಡಲೆಕಾಯಿ ಸಿಪ್ಪೆ, ಕರಿಬೇವಿನ ಎಲೆ ಇವು ‘ಮಣ್ಣಿಗೆ ಗೊಬ್ಬರ’ ಎಂಬ ವಾದ ನಮ್ಮ ಹಿತ್ತಲಿಗೆ ಸರಿ. ವರ್ಷದಲ್ಲಿ ಏಳೆಂಟು ತಿಂಗಳು ಹಿಮದಡಿ ಮಲಗುವ ಈ ಮಣ್ಣಿನಲ್ಲಿ ಅವು ಬೇಗ ಕೊಳೆಯುವುದಿಲ್ಲ. ಹೂವು, ಕುಂಕುಮ, ತೆಂಗಿನಕಾಯಿಯ ಚಿಪ್ಪು, ಹಣತೆ ಇವುಗಳಿಗೂ ಇದೇ ಮಾತು. ಗಂಗೆಗೆ ಕೈ ಮುಗಿದರೆ ಸಾಕು. ಊಟಕ್ಕೆ ಕೂತಾಗ ಕೈಯಿಂದಲೇ ತುತ್ತು ಕಸಿಯುವ ಬೂದು ಹಕ್ಕಿ ಕೆನಡಾ ಜೇ. ಅದಕ್ಕೆ ತಿನಿಸು ಕೊಡಬೇಡಿ.

ಶೌಚಕ್ಕೆ ಏನು ಮಾಡುವುದು?

ಸಂಕೋಚವಿಲ್ಲದೆ ಕೇಳಬೇಕಾದ ಪ್ರಶ್ನೆ ಇದು. ದಾರಿಯ ಆರಂಭದಲ್ಲಿ ಸಾಮಾನ್ಯವಾಗಿ ಗುಂಡಿಯ ಶೌಚಾಲಯವಿರುತ್ತದೆ. ಮೇಲೆ ಇಲ್ಲದಿದ್ದರೆ ನೀರಿನಿಂದಲೂ ದಾರಿಯಿಂದಲೂ 200 ಅಡಿ, ಎಂದರೆ ದೊಡ್ಡವರ ಸುಮಾರು 70 ಹೆಜ್ಜೆ ದೂರ ಹೋಗಿ, ಆರರಿಂದ ಎಂಟು ಅಂಗುಲ ಆಳದ ಗುಂಡಿ ತೋಡಿ, ಮುಚ್ಚಬೇಕು. ಕಾಗದ ಬಳಸುವವರು ಅದನ್ನು ಚೀಲದಲ್ಲಿ ಕಟ್ಟಿ ವಾಪಸ್ಸು ತರಬೇಕು. ನೀರು ಬಳಸುವ ನಮ್ಮ ಪದ್ಧತಿಯೇ ಇಲ್ಲಿ ಹೆಚ್ಚು ಅನುಕೂಲ, ಆದರೆ ನೀರನ್ನು ಬಾಟಲಿಯಲ್ಲಿ ಕೊಂಡೊಯ್ಯಬೇಕೇ ಹೊರತು ಸರೋವರದ ಅಂಚಿಗೆ ಬಂದು ತೊಳೆಯಬಾರದು. ಸೋಪು, ಅದು ಎಂಥದ್ದೇ ಇರಲಿ, ಸರೋವರದ ನೀರಿಗೆ ಬೀಳಬಾರದು.

ನೀರಿಗೆ ಇಳಿಯಬಹುದೇ? ಅದನ್ನು ಕುಡಿಯಬಹುದೇ?

ಕರಗಿದ ಹಿಮದ ನೀರು ಅದು. ಆಗಸ್ಟ್‌ನಲ್ಲಿಯೂ ಒಮ್ಮೆಗೇ ಧುಮುಕಿದರೆ ಉಸಿರು ಕಟ್ಟಿ, ಕೈಕಾಲು ಸೆಟೆಯುತ್ತವೆ. ಈಜು ಬಲ್ಲವರೂ ಹೀಗೆ ಮುಳುಗಿದ್ದಾರೆ. ಮಂಡಿಯುದ್ದ ಇಳಿದು ನಿಂತು ನೋಡಿ. ಕನ್ನಡಿಯಂತೆ ತಿಳಿಯಾಗಿದ್ದರೂ ಸೋಸದೆ ಕುಡಿಯಬೇಡಿ. ಜಿಯಾರ್ಡಿಯಾ ಎಂಬ ಪರಾವಲಂಬಿ ಹೊಟ್ಟೆಗೆ ಹೋದರೆ ವಾರಗಟ್ಟಲೆ ಭೇದಿ.

ಕರಡಿ ಬರುತ್ತದೆಯೇ?

ಇಲ್ಲಿರುವುದು ಕಪ್ಪು ಕರಡಿ. ದರೋಜಿ ಕಡೆಯ ನಮ್ಮ ಕರಡಿಯ ಸಿಟ್ಟನ್ನು ಕೇಳಿ ಬಲ್ಲವರಿಗೆ ಇದು ಸಾಧುವೆನಿಸುತ್ತದೆ. ಮಾತಿನ ಸದ್ದಾದರೆ ತಾನೇ ಸರಿದುಹೋಗುತ್ತದೆ. ಕೂಗರ್ ಎಂಬ ದೊಡ್ಡ ಬೆಕ್ಕು ಅಪರೂಪಕ್ಕೆ ಕಾಣಬಹುದು. ಕಂಡರೆ ಓಡಬೇಡಿ, ಬೆನ್ನು ತೋರಿಸಬೇಡಿ. ಮಕ್ಕಳನ್ನು ಎತ್ತಿಕೊಂಡು, ಕೈ ಮೇಲೆತ್ತಿ, ಗಟ್ಟಿಯಾಗಿ ಗದರಿಸುತ್ತ ಹಿಂದೆ ಸರಿಯಿರಿ.

ಈ ದಾರಿಗಳನ್ನು ನೋಡಿಕೊಳ್ಳುವವರು ಯಾರು?

ಭೂಮಿ ಸರ್ಕಾರದ್ದು, ಅಮೆರಿಕದ ಅರಣ್ಯ ಸೇವೆಯದು. ಆದರೆ ಗುದ್ದಲಿ ಹಿಡಿಯುವ ಕೈಗಳಲ್ಲಿ ಬಹುಪಾಲು ಸಂಬಳವಿಲ್ಲದವರದು. ಅವರಲ್ಲಿ ದೊಡ್ಡ ಬಳಗ ವಾಷಿಂಗ್ಟನ್ ಟ್ರೇಲ್ಸ್ ಅಸೋಸಿಯೇಷನ್. 1966ರಲ್ಲಿ ಲೂಯಿಸ್ ಮಾರ್ಷಲ್ ಎಂಬವರು ಆರಂಭಿಸಿದ ಒಂದು ಪತ್ರಿಕೆಯಿಂದ ಅದರ ಬೇರು ಹೊರಟಿತು. 1993ರಿಂದ ಅದು ಸ್ವಯಂಸೇವಕರನ್ನು ಕಟ್ಟಿಕೊಂಡು ದಾರಿಗಳ ದುರಸ್ತಿಗೆ ಇಳಿದಿದೆ.

ದುರಸ್ತಿ ಎಂದರೆ ಮುಖ್ಯವಾಗಿ ನೀರಿನ ಜೊತೆಗಿನ ವ್ಯವಹಾರ. ಕಾಲುದಾರಿ ತಗ್ಗಾಗಿರುವುದರಿಂದ ಮಳೆ ನೀರಿಗೆ ಅದೇ ಕಾಲುವೆಯಂತೆ ಕಾಣುತ್ತದೆ. ಬಿಟ್ಟರೆ ಎರಡು ಚಳಿಗಾಲದಲ್ಲಿ ಮಣ್ಣೆಲ್ಲ ಕೊಚ್ಚಿಹೋಗಿ ಬೇರು, ಕಲ್ಲು ಮಾತ್ರ ಉಳಿಯುತ್ತವೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ಬಿಡಿಸಿದವರಿಗೆ ಈ ಕೆಲಸವನ್ನು ಕಲಿಸಬೇಕಾಗಿಲ್ಲ. ಟಲಪಸ್ ದಾರಿಯಲ್ಲಿ ಒಂದು ತುಂತುರು ಮಳೆಯ ಬೆಳಿಗ್ಗೆ ಪಾದ ಮುಳುಗುವಷ್ಟು ಕೆಸರುನೀರು ನಿಂತಿತ್ತು. ಕೆಳಬದಿಯ ಅಂಚನ್ನು ಅಗಲ ಅಲಗಿನ ಗುದ್ದಲಿಯಿಂದ ನಾಲ್ಕು ಏಟಿನಲ್ಲಿ ಬಿಡಿಸಿದ ಕೂಡಲೆ, ಗದ್ದೆಯ ಬದು ಕಡಿದಂತೆ, ಕಂದು ನೀರು ಬುಳಬುಳನೆ ಹರಿದು ಜರೀಗಿಡಗಳೊಳಗೆ ಇಳಿದುಹೋಯಿತು. ಕೆಳಗೆ ದಾರಿ ಗಟ್ಟಿಯಾಗಿಯೇ ಇತ್ತು. ತೀರ ಜೌಗಿನ ಕಡೆ ಎರಡು ದಿಮ್ಮಿಗಳನ್ನು ಅಕ್ಕಪಕ್ಕಕ್ಕಿಟ್ಟು ನಡುವೆ ಜಲ್ಲಿ ತುಂಬಿ ದಾರಿಯನ್ನೇ ಎತ್ತರಿಸುತ್ತಾರೆ. ಆ ಜಲ್ಲಿ ಬಕೆಟ್ಟುಗಳಲ್ಲಿ ಕೈಯಿಂದ ಕೈಗೆ ದಾಟಿ ಬಂದದ್ದು.

ಇನ್ನು ಬಿದ್ದ ಮರ. ಮೋಟಾರು ಗರಗಸಕ್ಕೆ ಕಾಯ್ದೆ ಅವಕಾಶ ಕೊಡುವುದಿಲ್ಲವಾದ್ದರಿಂದ ಮೂರಡಿ ದಪ್ಪದ ಹೆಮ್ಲಾಕ್ ಆದರೂ ಇಬ್ಬರು ಹಿಡಿಯುವ ಉದ್ದ ಗರಗಸದಿಂದಲೇ ಕೊಯ್ಯಬೇಕು. ಎಳೆಯಬೇಕು, ತಳ್ಳಬಾರದು, ತಳ್ಳಿದರೆ ಅಲಗು ಬಾಗುತ್ತದೆ. ಕೊಯ್ದ ಸಂದು ಕಚ್ಚಿಕೊಳ್ಳದಂತೆ ಬೆಣೆ ಹೊಡೆಯುತ್ತ ಹೋಗಬೇಕು. ಗರಗಸ ಹದವಾಗಿದ್ದರೆ ಹುಡಿಯ ಬದಲು ಶಾವಿಗೆಯಂಥ ಉದ್ದ ಎಳೆಗಳು ಬರುತ್ತವೆ. ಇಲ್ಲಿನವರೂ ಅವನ್ನು ನೂಡಲ್ಸ್ ಎಂದೇ ಕರೆಯುತ್ತಾರೆ.

ನನಗೆ ಇಂಥ ಕೆಲಸದ ಅನುಭವವಿಲ್ಲ. ಬರಬಹುದೇ?

ಬರಬಹುದು, ಬಹಳ ಮಂದಿ ಹಾಗೆಯೇ ಬಂದವರು. ಹೆಸರು ನೋಂದಾಯಿಸಿ, ಗಟ್ಟಿ ಬೂಟು, ಉದ್ದ ತೋಳಿನ ಅಂಗಿ, ಕೈಗವಸು, ಬುತ್ತಿ, ನೀರು ತಂದರೆ ಸಾಕು; ಉಪಕರಣ ಮತ್ತು ಗಟ್ಟಿ ಟೊಪ್ಪಿಯನ್ನು ಅವರೇ ಕೊಡುತ್ತಾರೆ. ಗರಗಸಕ್ಕೆ ತರಬೇತಿ ಮತ್ತು ಪ್ರಮಾಣಪತ್ರ ಬೇಕು, ಹೊಸಬರಿಗೆ ಪೊದೆ ಸವರುವುದು, ನೀರು ಬಿಡಿಸುವುದು, ಜಲ್ಲಿ ಹೊರುವುದು. ಕಿತ್ತಳೆ ಟೊಪ್ಪಿಯವರು ತಂಡದ ಮುಖ್ಯಸ್ಥರು, ನೀಲಿಯವರು ಅವರ ಸಹಾಯಕರು. ಐದು ದಿನ ಕೆಲಸ ಮಾಡಿದವರಿಗೆ ಹೆಸರು ಬರೆದ ಹಸಿರು ಟೊಪ್ಪಿ ಸಿಗುತ್ತದೆ; ಅದರ ಮೇಲೆ ನನ್ನ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡಿದ್ದೇನೆ, ‘ಇದು ಯಾವ ಲಿಪಿ’ ಎಂದು ಕೇಳದ ತಂಡವಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಿಠಾಯಿ ಡಬ್ಬಿ ಸುತ್ತು ಬರುತ್ತದೆ. ಒಮ್ಮೆ ಅದರೊಳಗೆ ಕೊಬ್ಬರಿ ಮಿಠಾಯಿ ಹಾಕಿ ನೋಡಿದೆ. ಡಬ್ಬಿ ನನ್ನ ಬಳಿಗೆ ಖಾಲಿಯಾಗಿ ಮರಳಿತು.

ನನ್ನ ಅಭಿಪ್ರಾಯ ಕೇಳಿದರೆ, ಇಪ್ಪತ್ತು ಸರೋವರ ನೋಡುವುದಕ್ಕಿಂತ ಒಂದು ದಿನ ಕೆಸರು ಬಿಡಿಸುವುದರಿಂದ ಈ ಕಾಡು ಹೆಚ್ಚು ಅರ್ಥವಾಗುತ್ತದೆ.

ದಾರಿಯಲ್ಲಿ ಕೆಸರಿದ್ದರೆ ಬದಿಯಿಂದ ಹೋಗಬಹುದೇ?

ದಯವಿಟ್ಟು ಬೇಡ. ಬದಿಯಿಂದ ಹೋದಷ್ಟೂ ದಾರಿ ಅಗಲವಾಗುತ್ತದೆ, ಕೆಸರೂ ಅಗಲವಾಗುತ್ತದೆ. ಬೂಟನ್ನು ಮನೆಯಲ್ಲಿ ತೊಳೆಯಬಹುದು. ತಿರುವುಗಳ ನಡುವೆ ನೇರಕ್ಕೆ ಇಳಿಯುವುದೂ ಹಾಗೆಯೇ: ನೀವು ತುಳಿದ ಜಾಡನ್ನು ಮುಂದಿನ ಮಳೆ ಹಿಡಿಯುತ್ತದೆ.

ದಾರಿ ತಪ್ಪಿದರೆ, ಕಾಲು ಉಳುಕಿದರೆ?

ಹೆದ್ದಾರಿ ಬಿಟ್ಟ ಮೇಲೆ ಮೊಬೈಲ್ ಸಂಪರ್ಕ ಇರುವುದಿಲ್ಲವೆಂದೇ ತಿಳಿಯಿರಿ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಹೇಳಿ. ತಲೆಗೆ ಕಟ್ಟುವ ದೀಪ, ಮಳೆಯಂಗಿ, ಬೆಚ್ಚನೆಯ ಇನ್ನೊಂದು ಅಂಗಿ ಚೀಲದಲ್ಲಿ ಸದಾ ಇರಲಿ, ಬಿಸಿಲಿದ್ದರೂ ಸರಿ. ದಾರಿ ತಪ್ಪಿತೆನಿಸಿದರೆ ನಿಂತುಬಿಡಿ. ಹುಡುಕುವವರಿಗೆ ನಿಂತವರು ಬೇಗ ಸಿಗುತ್ತಾರೆ. ಶೋಧ ಮತ್ತು ರಕ್ಷಣೆಯ ಕೆಲಸ ಇಲ್ಲಿ ಕೌಂಟಿಯ ಶೆರಿಫ್ ಅವರ ಹೊಣೆ, ಬೆಟ್ಟಕ್ಕೆ ಬರುವವರಲ್ಲಿ ಹೆಚ್ಚಿನವರು ಸ್ವಯಂಸೇವಕರೇ, ಅದಕ್ಕೆ ಹಣ ವಸೂಲಿ ಮಾಡುವುದಿಲ್ಲ. ಬಿಲ್ಲು ಬರುತ್ತದೆಂಬ ಭಯದಿಂದ 911ಕ್ಕೆ ಕರೆ ಮಾಡಲು ತಡಮಾಡಬೇಡಿ.

ಮರ ಬಿದ್ದದ್ದು, ಸೇತುವೆ ಮುರಿದದ್ದು ಕಂಡರೆ ಯಾರಿಗೆ ಹೇಳಬೇಕು?

ಆ ಭಾಗದ ಅರಣ್ಯ ಸೇವೆಯ ಕಚೇರಿಗೆ ತಿಳಿಸಬಹುದು, ಅಥವಾ ಟ್ರೇಲ್ಸ್ ಅಸೋಸಿಯೇಷನ್‌ಗೆ ನಡಿಗೆಯ ವರದಿ ಬರೆಯಬಹುದು. ‘ದೊಡ್ಡ ಮರ ಬಿದ್ದಿದೆ’ ಎಂದರೆ ಸಾಲದು. ಆರಂಭದಿಂದ ಎಷ್ಟು ಮೈಲಿ, ದಿಮ್ಮಿಯ ದಪ್ಪ ಎಷ್ಟು, ನೆಲಕ್ಕೆ ತಾಗಿದೆಯೇ ಅಥವಾ ಎದೆಯೆತ್ತರಕ್ಕೆ ನೇತಾಡುತ್ತಿದೆಯೇ ಎಂಬುದನ್ನು ಬರೆಯಿರಿ, ಅಳತೆ ತಿಳಿಯಲು ಪಕ್ಕದಲ್ಲಿ ನಿಮ್ಮ ನೀರಿನ ಬಾಟಲಿ ಇಟ್ಟು ಒಂದು ಚಿತ್ರ ತೆಗೆಯಿರಿ. ಎಷ್ಟು ಉದ್ದದ ಗರಗಸವನ್ನು ಹೆಗಲ ಮೇಲೆ ಹೊತ್ತು ಹೋಗಬೇಕೆಂದು ನಾವು ನಿರ್ಧರಿಸುವುದು ಆ ಚಿತ್ರ ನೋಡಿಯೇ.